ಅಂಟಿನೊಳಗೆ ಹೋದ ಎರಡು ಪದ

ನಮಸ್ಕಾರ. ನನ್ನ ಕೈಯಲ್ಲಿರುವ ಈ ನೀಲಿ ಕಾಗದ ಕಾಣುತ್ತಿದೆಯಲ್ಲ? ಇನ್‌ಲ್ಯಾಂಡ್ ಲೆಟರ್. ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಅಜ್ಜಿ ಬರೆದದ್ದು. ಮಡಿಕೆ ಇದ್ದ ಕಡೆಯೆಲ್ಲ ಕಾಗದ ಸವೆದಿದೆ. ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ತೂತು.

ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ಅರ್ಧಕ್ಕರ್ಧ ಬಿಟ್ಟುಹೋಗುತ್ತಿದ್ದವು. ಆದರೆ ಪತ್ರದ ತಲೆ ಮಾತ್ರ ಒಂದು ಸಲವೂ ತಪ್ಪಿಲ್ಲ. ಮೇಲೆ ನಡುವೆ 'ಶ್ರೀ'. ಎಡಕ್ಕೆ 'ಕ್ಷೇಮ'. ಆಮೇಲೆ, 'ಚಿರಂಜೀವಿ ಮಗುವಿಗೆ ನಿನ್ನ ಅಜ್ಜಿ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮಕ್ಕೆ ಪತ್ರ ಬರೆಯುವುದು.' ಅಲ್ಲಿಂದ ಮುಂದೆ ಒಂದೇ ಉಸಿರು. ಗೌರಿ ಕರು ಹಾಕಿದೆ ಹೆಣ್ಣು ಕರು ಹಪ್ಪಳಕ್ಕೆ ಬಿಸಿಲೇ ಇಲ್ಲ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ. ಎಲ್ಲೂ ಚುಕ್ಕೆ ಇಲ್ಲ, ನಿಲ್ಲುವುದಿಲ್ಲ.

ಕಾಗದ ಮುಗಿಯಿತು, ಮಾತು ಮುಗಿದಿರಲಿಲ್ಲ. ಅಜ್ಜಿ ಕಾಗದ ತಿರುಗಿಸಿ ಅಂಚಿನ ಉದ್ದಕ್ಕೂ ಬರೆದಳು. ಅದೂ ತುಂಬಿದ ಮೇಲೆ ಅಂಟು ಹಚ್ಚುವ ಮಡಿಕೆಯ ಮೇಲೂ ಬರೆದಳು. ನಾನು ಅವಸರದಲ್ಲಿ ಹರಿದು ತೆಗೆದಾಗ ಅಲ್ಲಿದ್ದ ಎರಡು ಪದ ಕಿತ್ತುಹೋದವು. 'ಬರುವಾಗ ನನಗೊಂದು', ಅಷ್ಟೇ ಉಳಿದಿದೆ. ಏನು ತರಬೇಕಿತ್ತು? ಊರಿಗೆ ಹೋದಾಗ ಕೇಳೋಣ ಅಂದುಕೊಂಡಿದ್ದೆ, ಮರೆತೆ. ಈಗ ಕೇಳಲು ಅಜ್ಜಿ ಇಲ್ಲ.

ಪತ್ರದ ಕಾಲ ಮುಗಿಯಿತು ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೈಯಾರೆ ಪತ್ರ ಬರೆಯಲು ಇದಕ್ಕಿಂತ ಒಳ್ಳೆಯ ಕಾಲ ಬಂದೇ ಇಲ್ಲ ಅಂತ ನನಗನ್ನಿಸುತ್ತದೆ.

ಯಾಕೆ ಗೊತ್ತಾ? ಆಗ ಪತ್ರದ ಬೆನ್ನ ಮೇಲೆ ಸುದ್ದಿಯ ಹೊರೆ ಇತ್ತು. ಮದುವೆ ನಿಶ್ಚಯವಾದರೆ ಕಾಗದದ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಕಳಿಸುತ್ತಿದ್ದರು. ಸಾವಿನ ಸುದ್ದಿಯಾದರೆ ಓದಿ ಹರಿದುಹಾಕುತ್ತಿದ್ದರು, ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಇನ್ನೂ ಅರ್ಜೆಂಟಾದರೆ ಟೆಲಿಗ್ರಾಂ, ಅದು 2013ರ ಜುಲೈನಲ್ಲಿ ನಿಂತೇಹೋಯಿತು. ಈಗ ಸುದ್ದಿಯನ್ನೆಲ್ಲ ಫೋನ್ ಹೊರುತ್ತದೆ. ಪತ್ರಕ್ಕೆ ಉಳಿದಿರುವುದು ಸುದ್ದಿಯಲ್ಲದ ಮಾತು. ಹಪ್ಪಳ, ಬಿಸಿಲು, ತಲೆಗೆ ಎಣ್ಣೆ. ಫೋನಿನಲ್ಲಿ 'ಮತ್ತೇನು ವಿಶೇಷ' ಅಂತ ಕೇಳಿ 'ಏನೂ ಇಲ್ಲ' ಅಂತ ಇಡುತ್ತೇವಲ್ಲ, ಆ 'ಏನೂ ಇಲ್ಲ' ಅನ್ನುವುದರೊಳಗೆ ಇರುವುದೆಲ್ಲ ಇದೇ.

ಪತ್ರ ಬಂದರೆ ಖುಷಿ, ಅದು ಎಲ್ಲರಿಗೂ ಗೊತ್ತು. ಬರೆಯುವುದರ ಖುಷಿ ನನಗೆ ಮೊನ್ನೆ ಮೊನ್ನೆ ಗೊತ್ತಾಯಿತು. ತಂಗಿಯ ಮಗಳು ಧಾರವಾಡದಲ್ಲಿ ಓದುತ್ತಿದ್ದಾಳೆ. ಅವಳಿಗೆ ಬರೆಯೋಣ ಅಂತ ಪೋಸ್ಟಾಫೀಸಿಗೆ ಹೋದೆ. ಇನ್‌ಲ್ಯಾಂಡ್‌ಗೆ ಇವತ್ತಿಗೂ ಎರಡೂವರೆ ರೂಪಾಯಿ, ಪೋಸ್ಟ್‌ಕಾರ್ಡಿಗೆ ಬರೀ 50 ಪೈಸೆ. ಮನೆಗೆ ಬಂದು ಪೆನ್ನು ಹಿಡಿದರೆ ಕೈ ಬೇಗ ನೋಯಿತು. ಎರಡು ಸಾಲಿಗೆ ಅಕ್ಷರ ಸೊಟ್ಟ. ಆಮೇಲೆ ಒಂದು ಹದ ಸಿಕ್ಕಿತು ನೋಡಿ! ಅರ್ಧ ಗಂಟೆ ನನ್ನ ಮುಂದೆ ಅವಳೊಬ್ಬಳೇ ಇದ್ದಳು. ಬರೆದದ್ದನ್ನು ಅಳಿಸುವ ಹಾಗಿಲ್ಲ, ಹಾಗಾಗಿ ಸಾಲು ಶುರು ಮಾಡುವ ಮೊದಲು ಅವಳ ಮುಖ ನೆನೆಯಬೇಕು. ಇದನ್ನು ಓದಿದರೆ ನಗುತ್ತಾಳಾ? ಬೇಜಾರು ಮಾಡಿಕೊಳ್ಳುತ್ತಾಳಾ? ಯಾರ ಬಗ್ಗೆಯೂ ನಾನು ಅಷ್ಟು ಹೊತ್ತು ಸುಮ್ನೆ ಕೂತು ಯೋಚಿಸಿ ಎಷ್ಟು ದಿನವಾಗಿತ್ತೋ. ಕೊನೆಗೆ ಪಿನ್‌ಕೋಡಿನ ಆರು ಚೌಕ ತುಂಬಿಸಿ ಕೆಂಪು ಡಬ್ಬಿಗೆ ಹಾಕಿದೆ. ಒಳಗೆ ಬಿದ್ದ ಸದ್ದಿಗೆ ಎದೆ ಝಲ್ ಅಂದಿತು. ಇನ್ನು ವಾಪಸ್ ತೆಗೆಯಲು ಬರುವುದಿಲ್ಲ ಅಲ್ವಾ?

ಹನ್ನೆರಡನೇ ದಿನ ಉತ್ತರ ಬಂತು. ಪೋಸ್ಟ್‌ಮ್ಯಾನ್ ನನ್ನ ಹೆಸರು ಕೂಗಿದಾಗ ಒಲೆ ಮೇಲಿದ್ದ ಹಾಲು ಹಾಗೇ ಬಿಟ್ಟು ಓಡಿದೆ. ಕೀಬೋರ್ಡಿನಲ್ಲಿ ಬೆಳೆದ ಹುಡುಗಿ. ಅವಳ ಕನ್ನಡದ ಕೈಬರಹ ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. 'ಳ' ಬರೆಯುವಾಗ ಬಾಲವನ್ನು ಮೇಲಕ್ಕೆ ಎಳೆಯುತ್ತಾಳೆ, ಥೇಟ್ ನಮ್ಮಜ್ಜಿಯ ಹಾಗೆ. ಮುತ್ತಜ್ಜಿಯ ಅಕ್ಷರ ಅವಳು ನೋಡಿಲ್ಲ. ನಾನು ಆ 'ಳ' ಮೇಲೆ ಬೆರಳಾಡಿಸುತ್ತಾ ಬಾಗಿಲಲ್ಲೇ ನಿಂತುಬಿಟ್ಟೆ.

ಅವಳಿಗೂ ಜಾಗ ಸಾಲಲಿಲ್ಲ. ಅಂಟಿನ ಮಡಿಕೆಯವರೆಗೂ ಬರೆದಿದ್ದಾಳೆ. ಎಷ್ಟು ಹುಷಾರಾಗಿ ಬಿಡಿಸಿದರೂ ಅಲ್ಲೇ ಹರಿಯಿತು. 'ದೊಡ್ಡಮ್ಮಾ, ನಿಮ್ಮ ಪತ್ರ ರೂಮ್‌ಮೇಟ್‌ಗೂ ಓದಿ ಹೇಳಿದೆ, ಅದಕ್ಕೆ ಅವಳು' ಅಂತಿದೆ. ಮುಂದಿನದು ಅಂಟಿನೊಳಗೆ ಹೋಗಿದೆ.

ಫೋನ್ ಮಾಡಿದರೆ ಒಂದು ನಿಮಿಷದ ಕೆಲಸ. ಮಾಡಿಲ್ಲ. ಇನ್ನೊಂದು ಇನ್‌ಲ್ಯಾಂಡ್ ತಂದಿಟ್ಟುಕೊಂಡಿದ್ದೇನೆ. ಮೇಲೆ 'ಶ್ರೀ', ಎಡಕ್ಕೆ 'ಕ್ಷೇಮ' ಬರೆದಾಗಿದೆ. ಮೊದಲ ಸಾಲಿನಲ್ಲೇ ಕೇಳುತ್ತೇನೆ, ಅವಳು ಏನಂದಳು ಅಂತ.