ಹೆಸರಿನ ಕೆಳಗೆ ಕೆಂಪು ಗೆರೆ

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರಿನಲ್ಲಿ ಇಂಗ್ಲಿಷ್ ಪತ್ರ ಟೈಪ್ ಮಾಡಿ, ಕೊನೆಗೆ ನಿಮ್ಮ ಹೆಸರು ಹಾಕುತ್ತೀರಿ. ತಕ್ಷಣ ಅದರ ಕೆಳಗೆ ಕೆಂಪು ಗೆರೆ. ಅಕ್ಷರ ಕಲಿತ ದಿನದಿಂದ ಬರೆದುಕೊಂಡು ಬಂದ ಹೆಸರು ತಪ್ಪು ಅಂದರೆ ಬೇಜಾರಾಗುತ್ತದೆ, ಅಲ್ವಾ?

ಈ ಗೆರೆ ಎಳೆಯುವುದು ಸ್ಪೆಲ್‌ಚೆಕ್, ಅಂದರೆ ಕಾಗುಣಿತ ನೋಡುವ ತಂತ್ರಾಂಶ. ಅದರ ಕೆಲಸ ಇಷ್ಟೇ: ಬರೆದ ಪದ ತನ್ನ ಪಟ್ಟಿಯಲ್ಲಿ ಇದೆಯೇ ಎಂದು ನೋಡುತ್ತದೆ. ಫೈರ್‌ಫಾಕ್ಸ್ ಬ್ರೌಸರ್, ಬರವಣಿಗೆಗೆ ಬಳಸುವ ಲಿಬ್ರೆಆಫೀಸ್ ಇವುಗಳಲ್ಲಿರುವ ಹನ್‌ಸ್ಪೆಲ್ ಎಂಬ ಸ್ಪೆಲ್‌ಚೆಕ್ ದೊಡ್ಡಕ್ಷರವನ್ನೂ (ಕ್ಯಾಪಿಟಲ್ ಅಕ್ಷರ) ಗಮನಿಸುತ್ತದೆ. ಸಾಮಾನ್ಯ ಪದವನ್ನು ದೊಡ್ಡಕ್ಷರದಿಂದ ಶುರು ಮಾಡಿದರೆ ಸುಮ್ಮನಿರುತ್ತದೆ. ವಾಕ್ಯದ ಮೊದಲಲ್ಲಿ ಹಾಗೆ ಬರೆಯಲೇಬೇಕಲ್ಲ. ಪ್ಯಾರಿಸ್‌ಗೆ ಚಿಕ್ಕ 'ಪಿ' ಹಾಕಿದರೆ ಮಾತ್ರ ಬಿಡುವುದಿಲ್ಲ. ಅಲ್ಲಿಗೆ ಸರಿ. ಪಟ್ಟಿಯಲ್ಲಿಲ್ಲದ ಹೆಸರು ಬಂದಾಗಲೇ ತೊಡಕು.

ದೊಡ್ಡಕ್ಷರದ ಪದಗಳನ್ನೆಲ್ಲ ಬಿಟ್ಟುಬಿಡಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜರ್ಮನ್ ಭಾಷೆಯಲ್ಲಿ ನಾಮಪದಗಳೆಲ್ಲ ದೊಡ್ಡಕ್ಷರದಿಂದಲೇ ಶುರುವಾಗುತ್ತವೆ. ಅವನ್ನೆಲ್ಲ ಬಿಟ್ಟರೆ ನೋಡಲು ಉಳಿಯುವುದೇನು?

ಹಾಗಂತ ಜಗತ್ತಿನ ಹೆಸರನ್ನೆಲ್ಲ ಪಟ್ಟಿಗೆ ತುಂಬಿದರೂ ಕಷ್ಟ. ಹಳೆಯ ಕೆಲವು ಸ್ಪೆಲ್‌ಚೆಕ್‌ಗಳಿಗೆ 'ಕೋ-ಆಪರೇಷನ್' ನಡುವೆ ಅಡ್ಡಗೆರೆ ಇದ್ದರೆ ಮಾತ್ರ ಗೊತ್ತಾಗುತ್ತಿತ್ತು. ಗೆರೆ ಇಲ್ಲದೆ ಬರೆದರೆ ಅದರ ಜಾಗಕ್ಕೆ 'ಕ್ಯುಪರ್ಟಿನೊ' ತಂದು ಕೂರಿಸುತ್ತಿದ್ದವು. ಅದು ಕ್ಯಾಲಿಫೋರ್ನಿಯಾದ ಒಂದು ಊರು! 'ಸಹಕಾರ' ಇರಬೇಕಾದ ಕಡೆ ಊರಿನ ಹೆಸರು ಹೊತ್ತ ಕಾಗದಗಳು ಯುರೋಪಿಯನ್ ಒಕ್ಕೂಟದಿಂದಲೂ ಹೊರಬಿದ್ದವು. ಅದಕ್ಕೇ, ಕೇಳದೆ ತಿದ್ದುವುದು ಗೆರೆ ಎಳೆಯುವುದಕ್ಕಿಂತ ಜಾಸ್ತಿ ಅಪಾಯ.

ನನ್ನ ಪ್ರಕಾರ ಹೆಸರನ್ನು ಪಟ್ಟಿಯ ಜೊತೆ ಅಲ್ಲ, ಅದೇ ಬರಹದ ಜೊತೆ ಹೋಲಿಸಬೇಕು. ಕ್ಯಾಥರಿನ್ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಕೆಲವರು 'ಕೆ' ಹಾಕುತ್ತಾರೆ, ಕೆಲವರು 'ಸಿ'. ಎರಡೂ ಸರಿ. ಪತ್ರದಲ್ಲಿ ನಾಲ್ಕು ಕಡೆ 'ಕೆ' ಹಾಕಿ, ಐದನೆಯ ಕಡೆ ಕೈತಪ್ಪಿ 'ಸಿ' ಹಾಕಿದಿರಿ ಅಂದುಕೊಳ್ಳಿ. ಪಟ್ಟಿಯಲ್ಲಿ ಎರಡೂ ಇವೆ, ಗೆರೆ ಬೀಳುವುದಿಲ್ಲ. ಓದಿದ ಕ್ಯಾಥರಿನ್ ಅವರಿಗೆ ಮಾತ್ರ ಅದು ಕಣ್ಣಿಗೆ ಹೊಡೆಯುತ್ತದೆ. ಎಚ್ಚರಿಸಬೇಕಾದದ್ದು ಅಲ್ಲಿ: "ಮೇಲೆ 'ಕೆ' ಇತ್ತು, ಇಲ್ಲಿ 'ಸಿ' ಇದೆ, ನೋಡಿಕೊಳ್ಳಿ." ಮೊದಲ ಸಲ ಕಂಡ ಹೆಸರಿಗೆ ಕೆಂಪು ಗೆರೆ ಬೇಡ. "ಈ ಹೆಸರು ಗೊತ್ತಿಲ್ಲ" ಅನ್ನುವ ಬೇರೆ ಬಣ್ಣದ ಗುರುತು ಸಾಕು.

ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ. ಯಾವುದು ಹೆಸರು ಎಂದು ಅಕ್ಷರ ನೋಡಿ ಹೇಳಲಾಗದು. ಆದರೂ ಈ ದಾರಿ ಇಲ್ಲಿಗೂ ಆಗುತ್ತದೆ. ಒಂದೇ ಕೆಲಸ ಹೆಚ್ಚು: 'ಸೀತೆಗೆ', 'ಸೀತೆಯಿಂದ', 'ಸೀತೆಯನ್ನು' ಮೂರರಲ್ಲೂ ಇರುವುದು ಸೀತೆಯೇ ಎಂದು ಯಂತ್ರಕ್ಕೆ ಮೊದಲು ಕಲಿಸಬೇಕು.

ನಮಸ್ಕಾರ.