ಟ್ರಂಪೆಟ್ ಇಲ್ಲದ ಸ್ಕಾ-ಪಂಕ್: 'ಎನರ್ಜಿ' ಆಲ್ಬಮ್ ಯಾಕಿಷ್ಟು ಹಿಡಿಸುತ್ತದೆ

ಈ ವಾರ ಪೂರ್ತಿ ನನ್ನ ಕಿವಿಯಲ್ಲಿ ಇದ್ದದ್ದು ಒಂದೇ ಆಲ್ಬಮ್. ಆಪರೇಷನ್ ಐವಿ ಅನ್ನುವ ಅಮೆರಿಕದ ಸ್ಕಾ-ಪಂಕ್ ಬ್ಯಾಂಡಿನ 'ಎನರ್ಜಿ'. 1989ರದ್ದು. ಹಾಡನ್ನೇ ಹಾಕಿ ಕೇಳಿಸೋಣ ಅಂದರೆ ಕಾಪಿರೈಟ್ ಕ್ಲೇಮ್ ಬರುತ್ತದೆ. ಹಾಗಾಗಿ ಇವತ್ತು ಬರೀ ಬಾಯಿಮಾತು. ಸಹಿಸಿಕೊಳ್ಳಿ.

ಸ್ಕಾ ಗೊತ್ತಿಲ್ಲದವರು ಮನಸ್ಸಲ್ಲೇ ನಾಲ್ಕು ಎಣಿಸಿ. ಒಂದು, ಎರಡು, ಮೂರು, ನಾಲ್ಕು. ಮಾಮೂಲಿ ರಾಕ್ ಹಾಡಿನಲ್ಲಿ ಗಿಟಾರಿನ ಏಟು ಈ ಅಂಕೆಗಳ ಮೇಲೆ ಬೀಳುತ್ತದೆ. ಸ್ಕಾದಲ್ಲಿ ಎರಡು ಅಂಕೆಗಳ ನಡುವೆ ಬೀಳುತ್ತದೆ. ಚಕ್, ಚಕ್, ಚಕ್. ಮೀಟಿದ ಮರುಕ್ಷಣವೇ ಬೆರಳು ಸಡಿಲಿಸಿ ಸದ್ದು ನಿಲ್ಲಿಸಿಬಿಡುತ್ತಾರೆ. ಕಾಲು ಸುಮ್ನೆ ಇರುವುದಿಲ್ಲ! ಇದು ಹುಟ್ಟಿದ್ದು ಜಮೈಕಾದಲ್ಲಿ, 1950ರ ದಶಕದ ಕೊನೆಯಲ್ಲಿ. 1979ರ ಹೊತ್ತಿಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ದಿ ಸ್ಪೆಷಲ್ಸ್ ತರಹದ ಬ್ಯಾಂಡುಗಳು ಇದಕ್ಕೆ ಪಂಕ್‌ನ, ಅಂದರೆ ವೇಗದ ಒರಟು ರಾಕ್‌ನ, ಖಾರ ಸೇರಿಸಿದವು. ಆಪರೇಷನ್ ಐವಿ ಆ ಖಾರವನ್ನು ಇನ್ನಷ್ಟು ಜಾಸ್ತಿ ಮಾಡಿತು.

ಸ್ಕಾ-ಪಂಕ್ ಅಂದ ಕೂಡಲೇ ಟ್ರಂಪೆಟ್, ಟ್ರೊಂಬೋನ್ ನೆನಪಾಗುತ್ತವೆ ಅಲ್ವಾ? ಇಲ್ಲಿ ಆ ಊದುವ ವಾದ್ಯಗಳ ಸಾಲೇ ಇಲ್ಲ. ಒಂದು ಹಾಡಿನಲ್ಲಿ ಸ್ಯಾಕ್ಸೊಫೋನ್ ಬಂದು ಹೋಗುತ್ತದೆ, ಅಷ್ಟೇ. ಉಳಿದದ್ದೆಲ್ಲ ನಾಲ್ಕು ಜನರ ಕೆಲಸ. ಹಾಡಲು ಜೆಸ್ಸಿ ಮೈಕಲ್ಸ್, ಗಿಟಾರಿಗೆ ಟಿಮ್ ಆರ್ಮ್‌ಸ್ಟ್ರಾಂಗ್, ಬಾಸ್‌ಗೆ (ತಗ್ಗು ಸ್ವರದ ಗಿಟಾರ್) ಮ್ಯಾಟ್ ಫ್ರೀಮನ್, ಡ್ರಮ್ಸ್‌ಗೆ ಡೇವ್ ಮೆಲ್ಲೊ.

ನನ್ನ ಪ್ರಕಾರ ಈ ಆಲ್ಬಮ್ಮಿನ ಗುಟ್ಟು ಆ ಬಾಸ್. ಸ್ಕಾ ಗಿಟಾರ್ ಚಕ್ ಅಂದು ಸುಮ್ಮನಾಗುತ್ತದೆ. ಆಮೇಲೆ ಒಂದು ಖಾಲಿ ಜಾಗ ಉಳಿಯುತ್ತದೆ. ಬೇರೆ ಬ್ಯಾಂಡುಗಳು ಅದನ್ನು ಟ್ರಂಪೆಟ್ಟಿನಿಂದ ತುಂಬುತ್ತವೆ. ಫ್ರೀಮನ್ ಬಾಸ್‌ನಿಂದಲೇ ತುಂಬುತ್ತಾನೆ. ಮೇಲಕ್ಕೆ ಹತ್ತುತ್ತಾನೆ, ಜಾರುತ್ತಾನೆ, ಹಾಡುಗಾರ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಒಂದು ಪುಟ್ಟ ರಾಗವನ್ನೇ ನುಡಿಸಿ ಮುಗಿಸಿರುತ್ತಾನೆ. ಆಮೇಲೆ ಕೋರಸ್ ಬರುತ್ತದೆ. ಗಿಟಾರ್ ಡಿಸ್ಟಾರ್ಷನ್ನಿಗೆ, ಅಂದರೆ ಕರಕರ ಅನ್ನುವ ಒಡಕು ಸದ್ದಿಗೆ, ಹಾರುತ್ತದೆ, ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ಖಾಲಿ ಜಾಗವೇ ಇಲ್ಲ. ಹಗುರ, ಭಾರ, ಮತ್ತೆ ಹಗುರ. ಹೆಚ್ಚಿನ ಹಾಡುಗಳು ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತವೆ. ಬೇಜಾರಾಗಲು ಸಮಯ ಎಲ್ಲಿ? ಟ್ರಂಪೆಟ್ ತುಂಬಿದ ಸ್ಕಾ-ಪಂಕ್ ನನಗೂ ಇಷ್ಟ. ಆದರೆ ಅರ್ಧ ಆಲ್ಬಮ್ ಆಗುವಷ್ಟರಲ್ಲಿ ಆ ಉತ್ಸಾಹವೇ ಸುಸ್ತು ಮಾಡುತ್ತದೆ. ಇಲ್ಲಿ ಹಾಗಾಗುವುದಿಲ್ಲ.

ಜೆಸ್ಸಿಯ ಗಂಟಲು ಸುಶ್ರಾವ್ಯವೇನಲ್ಲ. ಒರಟು. ಮಾತುಗಳು ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಸಾಹಿತ್ಯ ತೆರೆದು ಓದಿದರೆ ಬೇರೆಯೇ ಮಜಾ. ಮೊದಲ ಹಾಡಿನಲ್ಲೇ ತನಗೇನೂ ಗೊತ್ತಿಲ್ಲ ಅನ್ನುವುದನ್ನು ಗಂಟಲು ಹರಿಯುವಂತೆ ಕೂಗುತ್ತಾನೆ. ಎಲ್ಲ ಗೊತ್ತಿದೆ ಅನ್ನುವವರು ಕೂಗುವುದನ್ನು ನಾವು ದಿನಾ ಕೇಳುತ್ತೇವೆ. ಇದು ಉಲ್ಟಾ. ಇನ್ನೊಂದರಲ್ಲಿ, ಕಾರ್ಯಕ್ರಮಕ್ಕೆ ಬಂದು ಹೊಡೆದಾಡಬೇಡಿ, ಒಟ್ಟಿಗಿರಿ ಅನ್ನುವ ಮಾತು. ಕಾಗದದ ಮೇಲೆ ನೋಡಿದರೆ ಉಪದೇಶ. ಆದರೆ ಅಷ್ಟು ವೇಗದಲ್ಲಿ, ಅಂಥ ದನಿಯಲ್ಲಿ ಬಂದಾಗ ಅದು ಉಪದೇಶ ಅನ್ನಿಸುವುದಿಲ್ಲ. ಅವನಿಗೇ ಅದು ತುರ್ತಾಗಿ ಬೇಕಾಗಿದೆ ಅನ್ನಿಸುತ್ತದೆ.

ಅದಕ್ಕೆ ಅವರು ಬೆಳೆದ ಜಾಗವೂ ಕಾರಣ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 924 ಗಿಲ್ಮನ್ ಸ್ಟ್ರೀಟ್ ಅಂತ ಒಂದು ಕ್ಲಬ್ ಇದೆ. ನಡೆಸುವವರು ಸ್ವಯಂಸೇವಕರು. ಯಾವ ವಯಸ್ಸಿನವರೂ ಬರಬಹುದು. ಮದ್ಯ ಇಲ್ಲ, ಡ್ರಗ್ಸ್ ಇಲ್ಲ, ಹೊಡೆದಾಟ ಇಲ್ಲ, ಜನಾಂಗದ್ವೇಷ ಇಲ್ಲ. ಈ ನಿಯಮಗಳೆಲ್ಲ ಗೋಡೆಯ ಮೇಲೇ ಬರೆದಿವೆ. ಗ್ರೀನ್ ಡೇ ಅನ್ನುವ ಪ್ರಸಿದ್ಧ ಪಂಕ್ ಬ್ಯಾಂಡ್ ಕೂಡ ಇಲ್ಲಿಂದಲೇ ಬಂದದ್ದು. ಹಾಗಾಗಿ ಜೆಸ್ಸಿ "ಒಟ್ಟಿಗಿರಿ" ಅಂತ ಕೂಗುವುದು ಜಗತ್ತಿಗಲ್ಲ. ಎದುರಿಗೆ ನಿಂತಿರುವ, ಮುಖ ಪರಿಚಯ ಇರುವ ಹುಡುಗರಿಗೆ.

ಇನ್ನು ಬ್ಯಾಂಡಿನ ಹೆಸರು. ಅಮೆರಿಕ 1952ರಲ್ಲಿ ಮಾರ್ಷಲ್ ದ್ವೀಪಗಳಲ್ಲಿ ನಡೆಸಿದ ಬಾಂಬ್ ಪರೀಕ್ಷೆಗಳಿಗೆ ಇಟ್ಟಿದ್ದ ಹೆಸರು ಅದು. ಮೊದಲ ಹೈಡ್ರೋಜನ್ ಬಾಂಬ್ ಸಿಡಿದದ್ದು ಅಲ್ಲೇ. ಆಲ್ಬಮ್ಮಿನ ಹೆಸರು 'ಎನರ್ಜಿ'. ತಲೆಹರಟೆ ನೋಡಿ!

ಬ್ಯಾಂಡ್ ಶುರುವಾದದ್ದು 1987ರಲ್ಲಿ. ಹೆಸರು ಬರುತ್ತಿದ್ದ ಹೊತ್ತಿಗೇ, 1989ರ ಮೇ ತಿಂಗಳಲ್ಲಿ, ಮುಗಿದೂ ಹೋಯಿತು. ಟಿಮ್ ಮತ್ತು ಮ್ಯಾಟ್ ಆಮೇಲೆ ರ‍್ಯಾನ್ಸಿಡ್ ಕಟ್ಟಿದರು. ಅದು ದೊಡ್ಡ ಬ್ಯಾಂಡ್, ಸಾಕಷ್ಟು ಚೆನ್ನಾಗಿಯೂ ಇದೆ. ಆದರೆ ಆಪರೇಷನ್ ಐವಿಗೆ ಎರಡನೇ ಸ್ಟುಡಿಯೋ ಆಲ್ಬಮ್ ಇಲ್ಲ. ನುಣುಪಾದ ರೆಕಾರ್ಡಿಂಗ್ ಇಲ್ಲ, ನಿಧಾನದ ಪ್ರೌಢ ಹಾಡುಗಳಿಲ್ಲ. ನನಗಂತೂ ಅದು ನಷ್ಟ ಅನ್ನಿಸುವುದಿಲ್ಲ.

ಕೇಳುವವರಿಗೆ ಒಂದು ಮಾತು. ಈಗ ಸಾಮಾನ್ಯವಾಗಿ ಸಿಗುವುದು 27 ಹಾಡುಗಳ ಆವೃತ್ತಿ. ಅದರಲ್ಲಿ ಮೂಲ ಆಲ್ಬಮ್ ಅಂದರೆ ಮೊದಲ 19 ಹಾಡು ಮಾತ್ರ. ಉಳಿದವು ಹಳೆಯ ಇಪಿಯಿಂದ (ಕೆಲವೇ ಹಾಡುಗಳ ಪುಟ್ಟ ರೆಕಾರ್ಡ್), ಒಂದು ಸಂಕಲನದಿಂದ ಸೇರಿಸಿದವು. ಮೊದಲ ಸಲ ಆ 19ಕ್ಕೇ ನಿಲ್ಲಿಸಿ. ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಮತ್ತೆ ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಹೆಡ್‌ಫೋನ್ ಹಾಕಿಕೊಳ್ಳಿ. ಇಲ್ಲದಿದ್ದರೆ ಆ ಬಾಸ್ ಕೇಳಿಸುವುದೇ ಇಲ್ಲ.