ಅವ್ವ, ಕರ್ತಾರ್‌ಪುರ ಮತ್ತು 20 ಡಾಲರ್

ಮಂಜು ಅಂದ್ರೆ ಅಂಥಿಂಥ ಮಂಜಲ್ಲ, ಬೆಳಿಗ್ಗೆ ಎಂಟಾದರೂ ಮುಂದಿನ ಗಾಡಿ ಕಾಣುತ್ತಿಲ್ಲ ನೋಡಿ. ಇದು ಡೇರಾ ಬಾಬಾ ನಾನಕ್, ಪಂಜಾಬಿನ ಗುರುದಾಸ್‌ಪುರ ಜಿಲ್ಲೆ. ಗಡಿ ಇಲ್ಲೇ ಪಕ್ಕದಲ್ಲಿದೆ. ಗಡಿ ದಾಟಿ ಸುಮಾರು 4.5 ಕಿಲೋಮೀಟರ್ ಹೋದರೆ ಕರ್ತಾರ್‌ಪುರ ಸಾಹಿಬ್ ಗುರುದ್ವಾರ, ಅದು ಪಾಕಿಸ್ತಾನದ ನಾರೋವಾಲ್ ಜಿಲ್ಲೆಗೆ ಸೇರಿದ್ದು. ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿರುವವಳು ನಮ್ಮ ಅವ್ವ. ಈ ಶೂಟ್ 2023ರ ಡಿಸೆಂಬರಿನದು. 2025ರ ಮೇನಲ್ಲಿ ನಮ್ಮ ಕಡೆಯಿಂದ ಕಾರಿಡಾರ್, ಅಂದರೆ ಗಡಿ ದಾಟಿ ದರ್ಶನಕ್ಕೆ ಹೋಗುವ ಈ ದಾರಿ, ಮುಚ್ಚಿದರು ಅಂತ ಸುದ್ದಿ ಬಂದಾಗ ಅವ್ವ ಎರಡು ದಿನ ಅದನ್ನೇ ಮಾತಾಡಿದಳು. ಅದಕ್ಕೇ ಹಳೆಯ ಕ್ಲಿಪ್ ಎಲ್ಲ ಹುಡುಕಿ ತೆಗೆದೆ.

ಅರ್ಜಿ ಹಾಕಿದ್ದು, ಅನುಮತಿ ಪತ್ರ ಬಂದಿದ್ದು ಸ್ಕ್ರೀನ್ ಮೇಲೆ ಓಡುತ್ತಿದೆ, ವಿಡಿಯೊ ನಿಲ್ಲಿಸಿ ಓದಿಕೊಳ್ಳಿ. ಆಗ ವೀಸಾ ಬೇಡವಾಗಿತ್ತು, ಪಾಸ್‌ಪೋರ್ಟ್ ಬೇಕಿತ್ತು. ಬೆಳಿಗ್ಗೆ ಹೋಗಿ ಸಂಜೆಯೊಳಗೆ ವಾಪಸ್ ಬರಬೇಕಿತ್ತು. ಚೆಕಿಂಗ್ ಹತ್ತಿರ ಕ್ಯಾಮೆರಾ ಆಫ್ ಮಾಡಿದ್ದೆ, ಅದಕ್ಕೆ ಇಲ್ಲಿ ಒಂದು ಜಂಪ್ ಇದೆ.

ಈಗ ದುಡ್ಡಿನ ವಿಷಯ. ಆ ಕಡೆ ಒಬ್ಬರಿಗೆ 20 ಡಾಲರ್ ಶುಲ್ಕ. ಬ್ಯಾಂಕ್ ದರ 83ರ ಆಸುಪಾಸು ಇತ್ತು, ಅಂದರೆ ತಲೆಗೆ 1,660 ರೂಪಾಯಿ. ನಾನು ಊರಲ್ಲೇ ಒಬ್ಬ ಏಜೆಂಟ್ ಹತ್ತಿರ ಡಾಲರ್ ತಗೊಂಡೆ. ಅವನು 87ರ ಲೆಕ್ಕ ಹಾಕಿದ. ಹೋಗಲಿ ಬಿಡಿ ಅಂದರೆ, ಕೊಟ್ಟ ಎರಡು ನೋಟಿನಲ್ಲಿ ಒಂದರ ಮೂಲೆ ಹರಿದಿತ್ತು, ಮಡಿಕೆಯ ಒಳಗೆ ಇದ್ದಿದ್ದರಿಂದ ನನಗೆ ಕಾಣಲೇ ಇಲ್ಲ. ಕೌಂಟರ್‌ನಲ್ಲಿ ನೋಟು ಬಿಡಿಸಿ ನೋಡಿ, ಇದು ನಡೆಯಲ್ಲ ಅಂತ ವಾಪಸ್ ಕೊಟ್ಟರು. ಅವ್ವನ ಮುಖ ಸಣ್ಣದಾಯಿತು. "ನೀ ಹೋಗಿ ಬಾ, ನಾ ಇಲ್ಲೇ ಕೂತಿರ್ತೀನಿ" ಅಂದಳು. ಮೂರು ದಿನ ರೈಲು, ಬಸ್ಸು ಅಂತ ಮೊಣಕಾಲು ನೋವಿನಲ್ಲಿ ಬಂದವಳು! ನನಗೆ ಆ ಏಜೆಂಟ್ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ದುಡ್ಡು ಜಾಸ್ತಿ ತಗೊಂಡ, ಮೇಲೆ ಹರಿದ ನೋಟು ಕೊಟ್ಟ. ದಯವಿಟ್ಟು ನೋಟನ್ನು ಪೂರ್ತಿ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ ತಗೊಳ್ಳಿ.

ಹಿಂದೆ ನಿಂತಿದ್ದ ಹಿರಿಯ ಸರ್ದಾರ್‌ಜಿ ಒಬ್ಬರು ಎಲ್ಲಿಂದ ಬಂದಿರಿ ಅಂತ ಹಿಂದಿಯಲ್ಲಿ ಕೇಳಿದರು. ಅವ್ವ ನಮ್ಮ ಕಡೆಯ ದಖ್ಖನಿ ಹಿಂದಿಯಲ್ಲೇ "ಬೀದರ್" ಅಂದಳು. ಅವರು ತಕ್ಷಣ ಕೈಮುಗಿದರು. "ಭಾಯಿ ಸಾಹಿಬ್ ಸಿಂಗ್ ಅವರ ಊರು!" 1699ರಲ್ಲಿ ಆನಂದ್‌ಪುರದಲ್ಲಿ ಗುರು ಗೋಬಿಂದ್ ಸಿಂಗ್ ಕರೆದಾಗ ತಲೆ ಕೊಡಲು ಎದ್ದು ನಿಂತ ಐದು ಜನರಲ್ಲಿ ಒಬ್ಬರು ನಮ್ಮ ಬೀದರ್‌ನ ಈ ಸಾಹಿಬ್ ಸಿಂಗ್. ನಮ್ಮಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಅವರು ಪರ್ಸಿನಿಂದ ಒಂದು ಹೊಸ ನೋಟು ತೆಗೆದು ಕೌಂಟರ್ ಮೇಲೆ ಇಟ್ಟರು. ರೂಪಾಯಿ ತಗೊಳ್ಳಿ ಅಂದರೆ, ಆಮೇಲೆ ನೋಡೋಣ ಅಂದರು.

ಇದು ರಾವಿ ಸೇತುವೆ. ಮಂಜಿನಲ್ಲಿ ನೀರು ಕಾಣಲಿಲ್ಲ, ಆದರೆ ಅವ್ವ ಬಸ್ಸಿನ ಕಿಟಕಿಯಿಂದಲೇ ಕೈಮುಗಿದಳು.

ಮತ್ತೆ, ಅದೋ, ಬಿಳಿ ಗುಮ್ಮಟ! ಗುರು ನಾನಕ್ ಕೊನೆಯ ಸುಮಾರು 18 ವರ್ಷ ಇಲ್ಲೇ ಇದ್ದರು. ಹೊಲ ಉತ್ತು, ಬೆಳೆದು, ಬಂದವರಿಗೆ ಉಣ್ಣಲು ಕೊಟ್ಟರು. 1539ರಲ್ಲಿ ತೀರಿಕೊಂಡದ್ದೂ ಇಲ್ಲೇ. ಸುಡಬೇಕು ಅಂತ ಹಿಂದೂಗಳು, ಹೂಳಬೇಕು ಅಂತ ಮುಸ್ಲಿಮರು ವಾದಕ್ಕಿಳಿದರಂತೆ. ಹೊದಿಕೆ ಸರಿಸಿದರೆ ಬರೀ ಹೂವು ಇತ್ತು ಅನ್ನುತ್ತಾರೆ. ಒಳಗೆ ಸಮಾಧಿ ಇದೆ, ಅಂಗಳದಲ್ಲಿ ಗೋರಿ ಇದೆ, ಎರಡಕ್ಕೂ ಜನ ತಲೆಬಾಗುತ್ತಾರೆ. ಅವ್ವ ಗೋರಿಯ ಹತ್ತಿರ ಜಾಸ್ತಿ ಹೊತ್ತು ನಿಂತಳು. ಯಾಕೆ ಅಂತ ನಾನು ಕೇಳಲಿಲ್ಲ. ಈ ಅಮೃತಶಿಲೆಯ ಅಂಗಳ ನೋಡಿ, ಎಷ್ಟು ದೊಡ್ಡದು. 2025ರ ಆಗಸ್ಟಿನ ರಾವಿ ಪ್ರವಾಹದಲ್ಲಿ ಇದೆಲ್ಲ ನೀರಿನಲ್ಲಿ ನಿಂತಿತ್ತು. ಆ ಫೋಟೊ ನೋಡಿ ನನಗೆ ಕಣ್ಣು ತುಂಬಿತು.

ಲಂಗರ್‌ನಲ್ಲಿ, ಅಂದರೆ ಗುರುದ್ವಾರದ ಊಟದ ಮನೆಯಲ್ಲಿ, ರೊಟ್ಟಿ, ದಾಲ್. ನೆಲದ ಮೇಲೆ ಪಂಕ್ತಿ. ನನ್ನ ಪಕ್ಕ ಕೂತವರು ಲಾಹೋರಿನವರು, ಅವ್ವನ ಪಕ್ಕ ಜಲಂಧರ್‌ನವರು. ತಿನ್ನುವಾಗ ಅನ್ನಿಸಿತು, ಇಷ್ಟು ದೊಡ್ಡ ಜಾಗ ನಡೆಸಬೇಕಲ್ವಾ, 20 ಡಾಲರ್ ಏನು ಮಹಾ. ಆದರೆ ಮನೆಗೆ ಬಂದು ಲೆಕ್ಕ ಹಾಕಿದ ಮೇಲೆ ಮನಸ್ಸು ಬದಲಾಯಿತು. ಪಾಸ್‌ಪೋರ್ಟ್‌ಗೆ 1,500, ಅದರ ಮೇಲೆ ಇದು. ಈ ಗುಮ್ಮಟವನ್ನು ದಿನಾ ದೂರದಿಂದ ನೋಡುತ್ತಾ ಹೊಲ ಮಾಡುವ ನಮ್ಮ ಕಡೆಯ ಗಡಿ ಹಳ್ಳಿಯವರು ನಾಲ್ಕು ಜನರ ಮನೆಯನ್ನು ಹೇಗೆ ಕರೆದುಕೊಂಡು ಹೋಗಬೇಕು? ದರ್ಶನಕ್ಕೆ ದುಡ್ಡು ಇರಬಾರದು. ಇದೇ ನನ್ನ ಮಾತು.

ಬಸ್ಸು ಹಾರ್ನ್ ಹೊಡೆಯುತ್ತಿದೆ, ಬೇಗ ಹೇಳಿಬಿಡುತ್ತೇನೆ. ವಾಪಸ್ ಬರುವಾಗ ಸರ್ದಾರ್‌ಜಿ ಕೈಗೆ ರೂಪಾಯಿ ಇಟ್ಟೆ, ಅವರು ಮುಟ್ಟಲಿಲ್ಲ. ಬೀದರ್‌ನಲ್ಲಿ ನಾನಕ್ ಝಿರಾ ಗುರುದ್ವಾರ ಇದೆಯಲ್ಲ, ಅಲ್ಲಿನ ಗೋಲಕ್‌ಗೆ, ಅಂದರೆ ಹುಂಡಿಗೆ, ನನ್ನ ಹೆಸರಲ್ಲಿ ಹಾಕಿ ಅಂದರು.

ಈ ಕೊನೆಯ ಶಾಟ್ ಐದು ದಿನ ಆದ ಮೇಲಿನದು, ಬೀದರ್. ಅವ್ವ ಹುಂಡಿಗೆ ಹಾಕುತ್ತಿರುವುದು ಅದೇ ದುಡ್ಡು.